ದೂಮಪ್ಪನ ಒಂಬತ್ತನೇ ಹೆಜ್ಜೆ

ಕಾಪು ಪೇಟೆಯ ಗೂಡಂಗಡಿ ದೂಮಪ್ಪ ಒಂದು ಕಾಲದಲ್ಲಿ ಹುಲಿಯಾಗಿದ್ದನೇ ಇಲ್ಲವೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಆಗಿದ್ದ ಎಂದರೂ ಸುಳ್ಳಲ್ಲ, ಆಗಿರಲಿಲ್ಲ ಎಂದರೂ ಸುಳ್ಳಲ್ಲ.

ನಡೆದದ್ದು ಇಷ್ಟು. ಮೂವತ್ತೈದು ವರ್ಷಗಳ ಹಿಂದೆ ಅವನು ಮುದ್ದಣ್ಣನವರ ಹುಲಿವೇಷದ ತಂಡದಲ್ಲಿ ಬಣ್ಣದ ಡಬ್ಬಿ ಹೊರುವ ಕೆಲಸಕ್ಕಿದ್ದ. ಮೂರನೇ ವರ್ಷ ಕೃಷ್ಣಾಷ್ಟಮಿಯ ಬೆಳಿಗ್ಗೆ ತಂಡದ ಹುಲಿಯೊಬ್ಬನಿಗೆ ಜ್ವರ ಬಂತು. ಮೈಕಟ್ಟು ಹೆಚ್ಚುಕಡಿಮೆ ಅವನದ್ದೇ ಅಳತೆ ಎಂದು ದೂಮಪ್ಪನನ್ನು ನಿಲ್ಲಿಸಿ ಬಣ್ಣ ಬಳಿದರು. ನಾಲ್ಕು ಗಂಟೆ ಹೊತ್ತು ಕೈ ಚಾಚಿ ನಿಂತು, ಹಳದಿಯ ಮೇಲೆ ಕಪ್ಪು ಪಟ್ಟೆ ಬರೆಸಿಕೊಂಡು, ಬಾಲವನ್ನೂ ಕಟ್ಟಿಸಿಕೊಂಡು, ತಾಸೆ ವಾದ್ಯದ ಮೊದಲ ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ದೂಮಪ್ಪ ಬಣ್ಣದ ವಾಸನೆಗೆ ತಲೆ ತಿರುಗಿ ಬಿದ್ದ. ಅವನು ಸರಿಯಾಗಿ ಎದ್ದು ಕೂರುವಾಗ ಅಷ್ಟಮಿ ಮುಗಿದು ಬೀದಿ ಗುಡಿಸುತ್ತಿದ್ದರು.

ಆದ್ದರಿಂದ ಅವನು ಅಂಗಡಿಗೆ ಬಂದ ಗಿರಾಕಿಗಳಿಗೆ ಸೋಡಾ ಒಡೆಯುತ್ತಾ, "ನಾನು ಮುದ್ದಣ್ಣನ ತಂಡದ ಹುಲಿ" ಎನ್ನುವಾಗ ಯಾರೂ ಆಕ್ಷೇಪ ಎತ್ತುವ ಹಾಗಿರಲಿಲ್ಲ. ಕುಣಿದೆ ಎಂದು ಅವನು ಎಂದೂ ಹೇಳಿದವನಲ್ಲ. ಕುಣಿಯಲಿಲ್ಲ ಎಂದೂ ಹೇಳಿದವನಲ್ಲ. ಹೆಂಡತಿ ಹರಿಣಾಕ್ಷಿಗೆ ಮದುವೆಯಾದ ಎರಡನೇ ವರ್ಷವೇ ಸತ್ಯ ಗೊತ್ತಾಗಿತ್ತು. ಅಷ್ಟರಲ್ಲಿ ಅವಳು ತವರಿನಲ್ಲಿ ಗಂಡ ಹುಲಿ ಎಂದು ಹೇಳಿ ಆಗಿತ್ತು. ಹಾಗಾಗಿ ಸುಮ್ಮನಿದ್ದಳು.

ಇಂಥ ಸಮಾಧಾನದ ದಿನಗಳಲ್ಲಿ, ಒಂದು ಫೆಬ್ರವರಿ ಬೆಳಿಗ್ಗೆ, ಸೌಮ್ಯಶ್ರೀ ಎಂಬ ಹುಡುಗಿ ಅಂಗಡಿಯೆದುರು ಸ್ಕೂಟರ್ ನಿಲ್ಲಿಸಿದಳು. ಹಾಸನದ ಕಡೆಯವಳು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿಯೇ ಇಬ್ಬರು ಗೆಳೆಯರ ಜೊತೆ ಸೇರಿ 'ನಲಿಕೆ ಲ್ಯಾಬ್' ಎಂಬ ಪುಟ್ಟ ಕಂಪನಿ ಮಾಡಿಕೊಂಡವಳು. ಊರಿನ ಕುಣಿತಗಳನ್ನು ಒಂದು ಕನ್ನಡಕದೊಳಗೆ ಇಟ್ಟು ಶಾಲೆ ಮಕ್ಕಳಿಗೆ ಕಲಿಸುವುದು ಅವಳ ಉದ್ದೇಶ. ಅವಳು ಕೇಳಿದ್ದು ಸರಳವಾದ ಪ್ರಶ್ನೆ: ಹುಲಿವೇಷದ ಮುದ್ದಣ್ಣನವರ ಮನೆ ಎಲ್ಲಿ?

ಉತ್ತರವೂ ಸರಳ. ಮುದ್ದಣ್ಣನವರ ಸೊಂಟ ಕೈಕೊಟ್ಟು ಏಳು ವರ್ಷವಾಯಿತು, ಅವರೀಗ ಕಾರ್ಕಳದಲ್ಲಿ ಮಗಳ ಮನೆಯಲ್ಲಿದ್ದಾರೆ. ದೂಮಪ್ಪ ಇಷ್ಟನ್ನೇ ಹೇಳಿದ. ಆದರೆ ಅಲ್ಲಿ ಸಿಲ್ವೆಸ್ಟರ್ ನಿಂತಿದ್ದ. ಸಿಲ್ವೆಸ್ಟರ್ ಇಪ್ಪತ್ತೆರಡು ವರ್ಷ ಬಹರೈನಿನಲ್ಲಿ ಏಸಿ ರಿಪೇರಿ ಮಾಡಿ ಬಂದವನು, ದಿನಾ ಬೆಳಿಗ್ಗೆ ಒಂದು ಬಾಳೆಹಣ್ಣು ಕೊಂಡು ಎರಡು ಪತ್ರಿಕೆ ಪೂರ್ತಿ ಓದುವವನು. ಅವನು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ:

"ಕಾರ್ಕಳಕ್ಕೆ ಯಾಕೆ ಹೋಗುತ್ತೀರಿ ಮೇಡಂ. ಅದೇ ತಂಡದ ಹುಲಿ ನಿಮ್ಮ ಎದುರೇ ಉಂಟಲ್ಲ. ಬಾಳೆಹಣ್ಣು ತೂಗುತ್ತಾ ಉಂಟು."

ಸೌಮ್ಯಶ್ರೀ ದೂಮಪ್ಪನನ್ನು ನೋಡಿದಳು. ದೂಮಪ್ಪ ತಕ್ಕಡಿಯನ್ನು ನೋಡಿದ. ಅಲ್ಲ ಎಂದು ಹೇಳಲು ಅವನಿಗೆ ಸುಮಾರು ಮೂರು ಸೆಕೆಂಡು ಸಮಯವಿತ್ತು. ಆ ಮೂರು ಸೆಕೆಂಡನ್ನು ಅವನು ಹೊಟ್ಟೆ ಒಳಗೆಳೆದುಕೊಳ್ಳಲು ಬಳಸಿದ.

ಮುಂದಿನ ವಾರ ಮಣಿಪಾಲಕ್ಕೆ ಕರೆ ಬಂತು. ನಲಿಕೆ ಲ್ಯಾಬ್ ಎಂದರೆ ಒಂದು ಹಳೆ ಮನೆಯ ಹಾಲ್, ಗೋಡೆ ತುಂಬ ಕ್ಯಾಮೆರಾ, ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಇಬ್ಬರು ಹುಡುಗರು. ಕುಣಿಯುವವನು ಮೈಗಂಟುವ ಒಂದು ಕಪ್ಪು ಅಂಗಿ ಹಾಕಬೇಕು. ಅದರ ಮೇಲೆಲ್ಲ ಬಟಾಣಿ ಗಾತ್ರದ ಗುಂಡಿಗಳು, ಆ ಗುಂಡಿಗಳು ಹೋದಲ್ಲಿಗೆಲ್ಲ ಕಂಪ್ಯೂಟರಿನ ಒಳಗಿನ ಹುಲಿಯೂ ಹೋಗುತ್ತದೆ. ಹಿಂದಿನ ದಿನ ಬೇರೆ ಯಾರೋ ಹಾಕಿ ಬೆವರಿದ್ದ ಆ ಅಂಗಿಯನ್ನು ಒಗೆದು ಹಿತ್ತಲಿನ ಮಾವಿನ ಕೊಂಬೆಯಲ್ಲಿ ಒಣಗಲು ಹಾಕಿದ್ದರು. ಅದನ್ನೇ ತಂದು ದೂಮಪ್ಪನಿಗೆ ತೊಡಿಸಿದರು. ತೊಡಿಸಲು ಇಬ್ಬರು ಬೇಕಾಯಿತು.

ಹುಲಿ ಕುಣಿತದ ಎಂಟು ಹೆಜ್ಜೆಗಳನ್ನು ದೂಮಪ್ಪ ಹೇಗೋ ಕುಣಿದ. ಮೂರು ವರ್ಷ ಡಬ್ಬಿ ಹಿಡಿದು ತಂಡದ ಹಿಂದೆಯೇ ನಡೆದವನಾದ್ದರಿಂದ ಹುಲಿಯ ಬೆನ್ನು ಮತ್ತು ಬಾಲದ ಚಲನೆ ಅವನಿಗೆ ಚೆನ್ನಾಗಿ ನೆನಪಿತ್ತು. ಎದುರಿನ ಭಾಗವನ್ನು ಅಂದಾಜಿನ ಮೇಲೆ ಮಾಡಿದ. ಕಾಪುವಿನ ಕುಣಿತದಲ್ಲಿ ಒಂಬತ್ತನೆಯದೊಂದು ವಿಶೇಷ ಹೆಜ್ಜೆ ಉಂಟೆಂದು ಕೇಳಿದ್ದೇನೆ ಎಂದಳು ಸೌಮ್ಯಶ್ರೀ. ಉಂಟು ಎಂಬುದು ದೂಮಪ್ಪನಿಗೂ ಗೊತ್ತಿತ್ತು. ಅದು ಬರುವಾಗ ಮುದ್ದಣ್ಣ ಪೂರಾ ಬಾಗಿಬಿಡುತ್ತಿದ್ದುದರಿಂದ ಹಿಂದೆ ನಿಂತವನಿಗೆ ಏನೂ ಕಾಣುತ್ತಿರಲಿಲ್ಲ. ಸ್ಪೀಕರಿನಲ್ಲಿ ತಾಸೆ ಬಡಿಯುತ್ತಲೇ ಇತ್ತು. ಏನಾದರೂ ಮಾಡಲೇಬೇಕೆಂದು ಅವನು ಎಡಗಾಲು ಎತ್ತಿದ ಕ್ಷಣಕ್ಕೇ ಮಾವಿನ ಮರದಿಂದ ಅಂಗಿಯೊಳಗೆ ಬಂದು ಕೂತಿದ್ದ ಕೆಂಪಿರುವೆ ಅವನ ಬೆನ್ನ ನಡುವೆ ಕಚ್ಚಿತು.

ದೂಮಪ್ಪ ಎರಡು ಅಡಿ ಮೇಲೆ ಹಾರಿದ. ಇಳಿಯುವಾಗ ಎಡಗೈ ಹೆಗಲ ಮೇಲಿಂದ, ಬಲಗೈ ಸೊಂಟದ ಕೆಳಗಿನಿಂದ ಬೆನ್ನಿಗೆ ಹೋಯಿತು. ಎರಡೂ ಮುಟ್ಟದೆ ಸೊಂಟವನ್ನು ಮೂರು ಸಲ ಕೊಡವಿದ, ಸುತ್ತ ಒಂದು ತಿರುಗಿದ, ಒಂದು ಕಾಲನ್ನು ಗಾಳಿಗೆ ಒದ್ದು ಕುಕ್ಕರುಗಾಲಲ್ಲಿ ಕೂತ. ತಾಸೆ ನಿಂತಿತು. ಕಂಪ್ಯೂಟರಿನ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಹೆಜ್ಜೆಗೆ ಏನು ಹೆಸರು ಎಂದು ಸೌಮ್ಯಶ್ರೀ ಪೆನ್ನು ಹಿಡಿದು ಕೇಳಿದಳು. ಉಸಿರು ಸಿಗದ ದೂಮಪ್ಪ ತುಳುವಿನಲ್ಲಿ "ಪಿಜಿನ್, ಪಿಜಿನ್" ಎಂದ. ತುಳುವಿನಲ್ಲಿ ಇರುವೆಗೆ ಪಿಜಿನ್ ಎನ್ನುತ್ತಾರೆ. ಹಾಸನದ ಹುಡುಗಿ 'ಪಿಜಿನ್ ಹೆಜ್ಜೆ' ಎಂದು ಅಂದವಾಗಿ ಬರೆದುಕೊಂಡಳು. ಆಮೇಲೆ ಫಾರಮ್ಮಿನಲ್ಲಿ ಗುರುವಿನ ಹೆಸರು ಎಂಬ ಜಾಗ ಬಂತು. ಕಾರ್ಕಳ ದೂರದಲ್ಲಿದೆ ಎಂಬ ಧೈರ್ಯದ ಮೇಲೆ ದೂಮಪ್ಪ ಮುದ್ದಣ್ಣ ಎಂದು ಬರೆಸಿದ.

ಮಳೆಗಾಲ ಮುಗಿಯುವಾಗ ಕನ್ನಡಕ ಶಾಲೆಗಳಿಗೆ ಬಂತು. ಅದನ್ನು ಹಾಕಿಕೊಂಡರೆ ಎದುರಿನ ಮೈದಾನ, ತೆಂಗಿನ ಮರ, ಬಿಸಿಯೂಟದ ಕೋಣೆ ಎಲ್ಲ ಇದ್ದ ಹಾಗೆಯೇ ಕಾಣುತ್ತದೆ. ಅವುಗಳ ನಡುವೆ, ಅಲ್ಲಿ ಇಲ್ಲದ ಒಂದು ಹುಲಿವೇಷ ಬಂದು ನಿಂತು ಕುಣಿಯುತ್ತದೆ. ಮಕ್ಕಳು ಅದನ್ನು ನೋಡಿಕೊಂಡು ಕುಣಿಯಬೇಕು. ಮುಗಿದ ಮೇಲೆ ನೂರಕ್ಕೆ ಎಷ್ಟು ಎಂದು ಅಂಕ ಬರುತ್ತದೆ. ಮೊದಲ ಎಂಟು ಹೆಜ್ಜೆ ಮಕ್ಕಳಿಗೆ ಸಪ್ಪೆಯೆನಿಸಿತು. ಒಂಬತ್ತನೆಯದು ಬಂದಾಗ ಮಾತ್ರ ಮೈದಾನಕ್ಕೆ ಮೈದಾನವೇ ಎದ್ದು ಹಾರಿತು. ಒಂದು ತಿಂಗಳೊಳಗೆ ಕಾಪುವಿನಿಂದ ಕಲ್ಯಾಣಪುರದವರೆಗೆ ಬಸ್ಸಿಗೆ ಕಾಯುವ ಮಕ್ಕಳೆಲ್ಲ ಬೆನ್ನು ತುರಿಸಿಕೊಂಡು ಗಾಳಿಗೆ ಒದೆಯುವವರೇ.

ತುಳು ಬಲ್ಲವರು ಹೆಸರು ಕೇಳಿ ನಗಬೇಕಿತ್ತು. ನಗಲಿಲ್ಲ. ಪತ್ರಿಕೆಯೊಂದರಲ್ಲಿ ವಿದ್ವಾಂಸರೊಬ್ಬರು ಅರ್ಧ ಪುಟ ಬರೆದರು. ಕಾಡಿನ ಅರಸನಾದ ಹುಲಿಯೂ ಕ್ಷುದ್ರವಾದ ಇರುವೆಯ ಮುಂದೆ ಮೈ ಬಾಗಿಸಬೇಕಾಗುತ್ತದೆ ಎಂಬ ಆಳವಾದ ತತ್ವವನ್ನು ನಮ್ಮ ಹಿರಿಯರು ಪಿಜಿನ್ ಹೆಜ್ಜೆಯಲ್ಲಿ ಅಡಗಿಸಿಟ್ಟಿದ್ದಾರೆ ಎಂಬುದು ಅದರ ಸಾರ. ಸಿಲ್ವೆಸ್ಟರ್ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ದೂಮಪ್ಪ ಎರಡು ಸಲ ಓದಿಸಿದ. ಎರಡನೇ ಸಲಕ್ಕೆ ಅವನಿಗೇ ಅದು ನಿಜವೆನಿಸತೊಡಗಿತ್ತು.

ನವೆಂಬರಿನಲ್ಲಿ ಮಕ್ಕಳ ಜನಪದ ಮೇಳದ ಸಮಿತಿಯಿಂದ ತಿಲಕ್ ಸರ್ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಡಿಸೆಂಬರ್ ಎರಡನೇ ಭಾನುವಾರ ಉಡುಪಿಯ ಮೈದಾನದಲ್ಲಿ ಅರುವತ್ತು ಮಕ್ಕಳು ಕನ್ನಡಕ ಹಾಕಿಕೊಂಡು ಒಟ್ಟಿಗೆ ಕುಣಿಯುತ್ತಾರೆ. ಅವರ ಮುಂದೆ ಮೂಲ ಕಲಾವಿದರಾದ ಶ್ರೀ ಕಾಪು ದೂಮಪ್ಪನವರು ಪೂರ್ತಿ ಹುಲಿವೇಷದಲ್ಲಿ, ಕನ್ನಡಕವಿಲ್ಲದೆ ಕುಣಿಯಬೇಕು. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಿದೆ ಎಂದರು.

ಆಗ ದೂಮಪ್ಪನಿಗೆ ಒಂದು ವಿಷಯ ಹೊಳೆಯಿತು. ಆ ಹೆಜ್ಜೆ ತಾನೇ ಮಾಡಿದ್ದು ಹೌದು, ಆದರೆ ತನಗೆ ಅದು ಬರುವುದಿಲ್ಲ.

ಸೌಮ್ಯಶ್ರೀಯಿಂದ ಒಂದು ಕನ್ನಡಕ ತರಿಸಿ ಅವನು ಮನೆಯ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತ. ಬಾವಿಕಟ್ಟೆಯ ಪಕ್ಕದಲ್ಲಿ ಹುಲಿಯೊಂದು ಬಂದು ನಿಂತಿತು. ಮೈಯೆಲ್ಲ ಪಟ್ಟೆ, ಎದ್ದು ಕಾಣುವ ಎದೆ. ಹೊಟ್ಟೆಯನ್ನು ಕಂಪ್ಯೂಟರಿನ ಹುಡುಗರು ಕರಗಿಸಿದ್ದರು. ದೂಮಪ್ಪ ಅದರ ಜೊತೆ ಮೈಮುರಿದು ಕುಣಿದ. ಮುಗಿದ ಮೇಲೆ ಕಣ್ಣೆದುರು ಅಕ್ಷರ ಮೂಡಿತು: ನೂರಕ್ಕೆ ಮೂವತ್ತೆಂಟು. ಬೆನ್ನು ಇನ್ನೂ ಬಾಗಲಿ. ಮೂಲ ಕಲಾವಿದರನ್ನು ಗಮನವಿಟ್ಟು ನೋಡಿ.

ಮರುದಿನ ಮೂವತ್ತಾರು. ಪೆರ್ಡೂರಿನಿಂದ ಬಂದಿದ್ದ ಭಾವ ಒಂದು ಗಂಟೆ ಜಗಲಿಯಲ್ಲಿ ಕೂತು ಇದನ್ನು ನೋಡಿದ. ಹೊರಡುವಾಗ ಬಾವಿಗೆ ಗಟ್ಟಿಯಾದ ಮುಚ್ಚಳ ಮಾಡಿಸಲು ತಂಗಿಗೆ ಹೇಳಿ ಹೋದ. ಪಕ್ಕದ ಮನೆಯ ಆಂಜೆಲಾ ಬಾಯಿ ಕಂಪೌಂಡಿನ ಮೇಲಿಂದ ಸೊಂಟಕ್ಕೆ ಹಚ್ಚುವ ಎಣ್ಣೆಯ ಬಾಟಲಿ ಕೊಟ್ಟಳು, ಎಷ್ಟು ದಿನದಿಂದ ನೋವು ಎಂದು ಹರಿಣಾಕ್ಷಿಯ ಹತ್ತಿರ ಮೆಲ್ಲನೆ ವಿಚಾರಿಸಿದಳು.

ಕಡೆಗೆ ದೂಮಪ್ಪ ಸಿಲ್ವೆಸ್ಟರನಿಗೆ ಇರುವೆಯ ಸಂಗತಿಯನ್ನು ಬಾಯಿಬಿಟ್ಟು ಹೇಳಿದ. ಸಿಲ್ವೆಸ್ಟರ್ ನಗಲಿಲ್ಲ. ಏಸಿ ಹಾಳಾದಾಗ ನೋಡುವ ಹಾಗೆ ದೂಮಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಮೆಷಿನಿನದ್ದು ತಪ್ಪಿಲ್ಲ ಮಾರಾಯ. ಆವತ್ತು ಒಳಗೆ ಇರುವೆ ಇತ್ತು. ಇವತ್ತು ಇಲ್ಲ."

ಬೆಂಕಿಪೆಟ್ಟಿಗೆಯಲ್ಲಿ ಒಂದು ಕೆಂಪಿರುವೆ ಹಿಡಿದು ತರುತ್ತೇನೆ ಎಂದ. ಅದು ಕಲೆಗೆ ಮಾಡುವ ಅವಮಾನ ಎಂದು ದೂಮಪ್ಪ ಖಂಡಿತವಾಗಿ ನಿರಾಕರಿಸಿದ. ನಾಲ್ಕನೇ ದಿನ ಒಪ್ಪಿದ. ಇರುವೆ ಬನಿಯನ್ನಿನೊಳಗೆ ಹೋಗಿ ಸುಮ್ಮನೆ ಕೂತಿತು, ಏಳನೇ ಹೆಜ್ಜೆಗೇ ಕಚ್ಚಿತು, ಅಂಕ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಆಮೇಲೆ ದೂಮಪ್ಪ ಇರುವೆಯನ್ನು ನಂಬುವುದು ಬಿಟ್ಟು ಸ್ವಂತ ಪ್ರಯತ್ನಕ್ಕೆ ಇಳಿದ. ಬೆಳಿಗ್ಗೆ ಐದೂವರೆಗೆ ಎದ್ದು ಕುಣಿದು, ಆಮೇಲೆ ಅಂಗಡಿ ತೆರೆಯುವುದು. ಹರಿಣಾಕ್ಷಿ ಬೇಡ ಎಂದಳು, ಬೈದಳು, ಕಡೆಗೆ ಜಗಲಿಯಲ್ಲಿ ಕೂತು ಎಡಗೈ ಇನ್ನೂ ಮೇಲೆ ಎಂದು ಹೇಳತೊಡಗಿದಳು. ಹತ್ತನೇ ದಿನ ಎಪ್ಪತ್ತೊಂದು ಬಂತು. ದೂಮಪ್ಪ ಆ ದಿನ ಬಂದವರಿಗೆಲ್ಲ ಒಂದೊಂದು ಲಿಂಬೆ ಸೋಡಾ ಹೆಚ್ಚಿಗೆ ಕೊಟ್ಟ.

ಅದೇ ದಿನ ಸಂಜೆ ಫೋನು ಬಂತು.

"ಕಾಪು ದೂಮಪ್ಪ ಎಂಬವರು ಇದ್ದಾರಾ?" ಮುದಿ ಗಂಟಲು, ಆದರೆ ಅಳುಕಿಲ್ಲದ್ದು. "ಇಲ್ಲಿ ಮೊಮ್ಮಗಳು ಕನ್ನಡಕ ಹಾಕಿ ಕುಣಿಯುತ್ತಾಳೆ. ನನ್ನ ಶಿಷ್ಯ ಕಾಪು ದೂಮಪ್ಪ ಕಲಿಸಿದ್ದು ಎಂದು ಅದರಲ್ಲಿ ಬರೆದು ಉಂಟಂತೆ. ನನಗೆ ಗೊತ್ತಿರುವ ದೂಮಪ್ಪ ಒಬ್ಬನೇ. ಅವನು ಬಣ್ಣದ ಡಬ್ಬಿ ಹೊರುತ್ತಿದ್ದ."

ದೂಮಪ್ಪ ಕೂತಲ್ಲಿಂದ ಎದ್ದು ನಿಂತ. ಆ ಕಡೆಯಿಂದ ಮುದ್ದಣ್ಣ, "ಅವನೇ ಆದರೆ ನಾಳೆ ಬರಲಿ" ಎಂದು ಹೇಳಿ ಫೋನು ಇಟ್ಟರು.

ಮರುದಿನ ಎಂಟು ಗಂಟೆಯ ಬಸ್ಸಿಗೆ ದೂಮಪ್ಪ ಕಾರ್ಕಳಕ್ಕೆ ಹೊರಟ. ಕೈಯಲ್ಲಿ ಹರಿಣಾಕ್ಷಿ ಕಟ್ಟಿಕೊಟ್ಟ ಒಣ ಸಿಗಡಿಯ ಪೊಟ್ಟಣ. ಪಡುಬಿದ್ರಿಯಿಂದ ಬೆಳ್ಮಣ್ಣಿನವರೆಗೆ ಅವನು ಹೇಳಬೇಕಾದ ಸುಳ್ಳನ್ನು ಜೋಡಿಸಿಕೊಂಡ. ಬೆಳ್ಮಣ್ಣಿನಿಂದ ಕಾರ್ಕಳದವರೆಗೆ ಅದು ತುಂಡುತುಂಡಾಗಿ ಕಳಚಿಬಿತ್ತು. ಮುದ್ದಣ್ಣ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಊರುಗೋಲು ಹಿಡಿದು ಕೂತಿದ್ದರು. ದೂಮಪ್ಪ ಚಪ್ಪಲಿ ಬಿಟ್ಟು ಎದುರು ನಿಂತು ಬಾಳೆಹಣ್ಣಿನಿಂದ ಹಿಡಿದು ಮಾವಿನ ಕೊಂಬೆಯವರೆಗೆ ಇದ್ದದ್ದನ್ನೆಲ್ಲ ಹೇಳಿದ.

ಮುದ್ದಣ್ಣ ಪೂರ್ತಿ ಕೇಳಿ, "ಎಷ್ಟು ಇರುವೆ?" ಎಂದರು.

"ಒಂದು."

"ಒಂದಕ್ಕೇ ಅಷ್ಟು ಕುಣಿದೆಯಾ?"

ಆಮೇಲೆ ಅವರು ಕುಣಿದು ತೋರಿಸಲು ಹೇಳಿದರು. ದೂಮಪ್ಪ ಎಪ್ಪತ್ತೊಂದು ಅಂಕದ ಕುಣಿತವನ್ನು ಕುಣಿದ. ಮುದ್ದಣ್ಣ ಅರ್ಧದಲ್ಲಿ ಕಣ್ಣು ಮುಚ್ಚಿದರು. ಇದರಲ್ಲಿ ಹುಲಿ ಎಲ್ಲಿ ಉಂಟು, ನನಗೆ ಕಾಣುವುದು ಬಸ್ಸು ತಪ್ಪಿದ ಮನುಷ್ಯ ಎಂದರು. ದೂಮಪ್ಪ ಕೈಮುಗಿದು ತನ್ನ ಹೆಸರನ್ನೂ ಅವರ ಹೆಸರನ್ನೂ ಕನ್ನಡಕದಿಂದ ತೆಗೆಸಿಬಿಡುತ್ತೇನೆ, ಮೇಳಕ್ಕೂ ಹೋಗುವುದಿಲ್ಲ, ಕಾಲು ಮುರಿಯಿತು ಎಂದು ಹೇಳಿಬಿಡುತ್ತೇನೆ ಎಂದ.

"ಹೆಸರು ತೆಗೆದರೆ ಕುಣಿತ ಹೋಗುತ್ತದಾ?" ಮುದ್ದಣ್ಣನ ಸ್ವರ ಏರಲಿಲ್ಲ. "ಅರುವತ್ತು ಮಕ್ಕಳ ಕಾಲಿಗೆ ನನ್ನ ಹೆಸರು ಕಟ್ಟಿ ಬಿಟ್ಟಿದ್ದೀಯಲ್ಲ ಡಬ್ಬಿ. ನನ್ನ ಸೊಂಟ ನಿಲ್ಲುವುದಿಲ್ಲ, ನಾನು ಹೋಗಿ ಬಿಚ್ಚುವ ಹಾಗಿಲ್ಲ. ನೀನೇ ಬಿಚ್ಚಬೇಕು. ಕಲಿ."

ಹಳೆಯ ತಂಡದಲ್ಲಿ ಅವನನ್ನು ಎಲ್ಲರೂ ಡಬ್ಬಿ ಎಂದೇ ಕರೆಯುತ್ತಿದ್ದದ್ದು. ಮೂವತ್ತೈದು ವರ್ಷದ ಮೇಲೆ ಆ ಹೆಸರು ಕೇಳಿ ದೂಮಪ್ಪನಿಗೆ ಅವಮಾನವಾಗಲಿಲ್ಲ. ಯಾಕೋ ಕಾಲಿಗೆ ಸ್ವಲ್ಪ ಬಲ ಬಂದ ಹಾಗಾಯಿತು.

ಆಗ ಮುದ್ದಣ್ಣ ಕುರ್ಚಿಯಲ್ಲಿ ಕೂತಲ್ಲಿಯೇ ನಿಜವಾದ ಒಂಬತ್ತನೇ ಹೆಜ್ಜೆ ತೋರಿಸಿದರು. ಅದಕ್ಕೆ ನೀರಿನ ಹೆಜ್ಜೆ ಎಂದು ಹೆಸರು. ಹುಲಿ ಹೊಳೆಗೆ ಬಂದಿದೆ. ಬಾಗುತ್ತದೆ, ಕುಡಿಯುವ ಮೊದಲು ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ, ಮತ್ತೆ ತಲೆ ತಗ್ಗಿಸುತ್ತದೆ. ಹಾರುವುದಿಲ್ಲ, ಒದೆಯುವುದಿಲ್ಲ. ತಾಸೆ ಎಷ್ಟೇ ಜೋರಾದರೂ ಮೈ ಮಾತ್ರ ನಿಧಾನ. ಮುದ್ದಣ್ಣನ ಕೈ ಎರಡೂ ಊರುಗೋಲಿನ ಮೇಲೆ ಇಳಿದವು, ಕುತ್ತಿಗೆ ಮುಂದೆ ಬಂತು, ಕಣ್ಣು ಎಡದಿಂದ ಬಲಕ್ಕೆ ತಿರುಗುತ್ತಾ ದೂಮಪ್ಪನ ಮೇಲೆ ನಿಂತಿತು. ದೂಮಪ್ಪ ತನಗೆ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದ. ಮೂರು ವರ್ಷ ಬೆನ್ನ ಹಿಂದೆ ನಡೆದು ನೋಡಿದವನು ಆ ಹುಲಿಯನ್ನು ಎದುರಿನಿಂದ ನೋಡಿದ್ದು ಅಂದೇ ಮೊದಲು.

ಉಳಿದಿದ್ದದ್ದು ಹದಿನೇಳು ದಿನ. ದಿನಾ ಎಂಟು ಗಂಟೆಯ ಬಸ್ಸು, ಹರಿಣಾಕ್ಷಿ ಅಂಗಡಿಯಲ್ಲಿ. ಮೊದಲ ನಾಲ್ಕು ದಿನ ಕಲಿತದ್ದನ್ನು ಮರೆಯುವುದಕ್ಕೇ ಹೋಯಿತು. ಒಂಬತ್ತನೇ ಸುತ್ತು ಬಂದ ಕೂಡಲೇ ಅವನ ಕೈ ತಾನಾಗಿ ಬೆನ್ನಿಗೆ ಹೋಗುತ್ತಿತ್ತು, ಮುದ್ದಣ್ಣನ ಊರುಗೋಲು ತಾನಾಗಿ ಅವನ ಮೊಣಕೈಗೆ ಬರುತ್ತಿತ್ತು. ಸಂಜೆ ಶಾಲೆಯಿಂದ ಬರುವ ಮೊಮ್ಮಗಳು ನವ್ಯಶ್ರೀ, ಎಂಟನೇ ಕ್ಲಾಸು, ಮೇಳದ ಅರುವತ್ತು ಮಕ್ಕಳಲ್ಲಿ ಒಬ್ಬಳು, ಚೀಲ ಇಳಿಸದೆ ನಿಂತು ನೋಡುತ್ತಿದ್ದಳು. ಅಜ್ಜ ಡಬ್ಬಿ ಎಂದು ಕರೆಯುವ ಈ ಮನುಷ್ಯನ ನಿಜ ಹೆಸರು ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಮಾಮ, ನೀವು ಮಾಡುವುದು ತಪ್ಪು. ಕಾಪು ದೂಮಪ್ಪ ಹೀಗೆ ಮಾಡುವುದೇ ಇಲ್ಲ."

ದೂಮಪ್ಪ ಹೌದಾ ಎಂದು ಕೇಳಿ, ಬೆವರು ಒರಸಿಕೊಂಡು, ಮತ್ತೆ ಬಾಗಿದ.

ಮೇಳಕ್ಕೆ ಐದು ದಿನ ಇರುವಾಗ ಅವನು ಸೌಮ್ಯಶ್ರೀಗೆ ಎಲ್ಲವನ್ನೂ ಹೇಳಿದ. ಅವಳು ಪಿಜಿನ್ ಹೆಜ್ಜೆ ಎಂದು ಬರೆದುಕೊಂಡಿದ್ದ ಪುಟವನ್ನು ತೆಗೆದು ನೋಡಿದಳು. ಕನ್ನಡಕದೊಳಗೆ ಈಗ ಬದಲಿಸಿದರೆ ಮಕ್ಕಳು ಹೊಸದಾಗಿ ಕಲಿಯಲು ಸಮಯವಿಲ್ಲ, ಮೇಳವನ್ನು ನಿಲ್ಲಿಸುವುದು ತನ್ನ ಕೈಯಲ್ಲಿಲ್ಲ, ತಿಲಕ್ ಸರ್ ಹತ್ತಿರ ಮಾತಾಡಿ ನೋಡಿ ಎಂದಳು. ದೂಮಪ್ಪ ಉಡುಪಿಗೆ ಹೋಗಿ, ಒಂದೂವರೆ ಗಂಟೆ ಬೆಂಚಿನಲ್ಲಿ ಕೂತು, ತಿಲಕ್ ಸರ್ ಎದುರು ತಪ್ಪೊಪ್ಪಿಕೊಂಡ. ಒಂಬತ್ತನೇ ಹೆಜ್ಜೆ ಹೆಜ್ಜೆಯೇ ಅಲ್ಲ, ಅದು ಇರುವೆ ಎಂದ. ತಿಲಕ್ ಸರ್ ಗೌರವದಿಂದ ಕೇಳಿಸಿಕೊಂಡರು.

"ನೀವು ಹೇಳುವುದು ಸರಿಯೇ ಇರಬಹುದು. ಆದರೆ ಆಹ್ವಾನ ಪತ್ರಿಕೆಯಲ್ಲಿ ಪಿಜಿನ್ ಹೆಜ್ಜೆ ಎಂದು ಅಚ್ಚಾಗಿದೆ."

ದೂಮಪ್ಪ ಹೊರಗೆ ಬರುವಾಗ ತಿಲಕ್ ಸರ್ ಗುಮಾಸ್ತರ ಹತ್ತಿರ, ದೊಡ್ಡ ಕಲಾವಿದರಿಗೆ ಎಷ್ಟು ವಿನಯ ನೋಡಿ, ತಮ್ಮ ಕಲೆಯ ಯಶಸ್ಸನ್ನೇ ಒಂದು ಇರುವೆಗೆ ಕೊಡುತ್ತಾರೆ ಎನ್ನುವುದು ಅವನಿಗೆ ಕೇಳಿಸಿತು.

ಆ ದಿನವೇ ಅವನು ನಿಶ್ಚಯ ಮಾಡಿದ. ಬಾಯಿಯಲ್ಲಿ ಹೇಳಿದರೆ ನಂಬುವವರಿಲ್ಲ. ಅರುವತ್ತು ಮಕ್ಕಳು ಏನು ಬೇಕಾದರೂ ಮಾಡಲಿ, ತಾನು ನೀರಿನ ಹೆಜ್ಜೆಯನ್ನೇ ಇಡುವುದು.

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಬಣ್ಣಕ್ಕೆ ನಿಂತ. ಈ ಸಲ ಮೂಗಿಗೆ ಹರಿಣಾಕ್ಷಿಯ ಕರ್ಚೀಫು ಕಟ್ಟಿಕೊಂಡಿದ್ದ, ಹಾಗಾಗಿ ತಲೆ ತಿರುಗಲಿಲ್ಲ. ಹೊಟ್ಟೆಯ ಮೇಲೆ ಪಟ್ಟೆ ಬರೆಯಲು ಬಣ್ಣದವನಿಗೆ ಎರಡು ಬ್ರಷ್ ಬೇಕಾಯಿತು. ಸಿಲ್ವೆಸ್ಟರ್ ತನ್ನ ಹಳೆ ಆಲ್ಟೋದ ಹಿಂದಿನ ಸೀಟಿಗೆ ಪತ್ರಿಕೆಗಳನ್ನು ಹಾಸಿ, ಬಾಲವನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಹುಲಿಯನ್ನು ಉಡುಪಿಗೆ ಮುಟ್ಟಿಸಿದ.

ಮೈದಾನ ತುಂಬಿತ್ತು. ವೇದಿಕೆಯಲ್ಲಿ ಗಣ್ಯರು, ಕೆಳಗೆ ಕಪ್ಪು ಕನ್ನಡಕದ ಅರುವತ್ತು ಮಕ್ಕಳು ಆರು ಸಾಲು, ಅವರ ಮುಂದೆ ಒಬ್ಬನೇ ದೂಮಪ್ಪ. ಶಾಮಿಯಾನದ ಅಂಚಿನಲ್ಲಿ, ಮಗಳು ಹಾಕಿಕೊಟ್ಟ ಕುರ್ಚಿಯಲ್ಲಿ ಮುದ್ದಣ್ಣ ಕೂತಿದ್ದರು. ಅವರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕುರ್ಚಿಯನ್ನು ಸ್ವಲ್ಪ ಹಿಂದೆ ಹಾಕಿ ಎಂದು ಸ್ವಯಂಸೇವಕನೊಬ್ಬ ಎರಡು ಸಲ ಹೇಳಿ ಹೋಗಿದ್ದ.

ತಾಸೆ ಬಡಿಯಿತು. ಎಂಟು ಹೆಜ್ಜೆಗಳವರೆಗೆ ಎಲ್ಲವೂ ಸರಿಯಾಗಿ ನಡೆಯಿತು, ಜನ ಸೀಟಿ ಹಾಕಿದರು. ಒಂಬತ್ತನೆಯದು ಬಂತು. ಅರುವತ್ತು ಮಕ್ಕಳು ಒಟ್ಟಿಗೆ ಮೇಲೆ ಹಾರಿ, ಬೆನ್ನಿಗೆ ಕೈ ಹಾಕಿ, ಸೊಂಟ ಕೊಡವಿ, ಸುತ್ತ ತಿರುಗಿ, ಗಾಳಿಗೆ ಒದ್ದರು. ಮೈದಾನದಲ್ಲಿ ಧೂಳು ಎದ್ದಿತು. ಆ ಧೂಳಿನ ಮುಂದೆ ಐವತ್ತೇಳು ವರ್ಷದ ಒಂದು ದಪ್ಪ ಹುಲಿ ಮೆಲ್ಲನೆ ಬಾಗಿ, ಎಡಕ್ಕೆ ನೋಡಿತು.

ಜನರ ಚಪ್ಪಾಳೆ ಸ್ವಲ್ಪ ತಡವರಿಸಿತು. ವೇದಿಕೆಯಲ್ಲಿ ತಿಲಕ್ ಸರ್ ಎದ್ದು ನಿಂತರು. ಹಿಂದಿನಿಂದ ಯಾರೋ ಹಾರು ಮಾಮ, ಹಾರು ಎಂದರು. ನಿರೂಪಕ ಮೈಕಿನಲ್ಲಿ, ಬಹಳ ಅನುಕಂಪದ ಧ್ವನಿಯಲ್ಲಿ, ವಯಸ್ಸಿನ ಕಾರಣದಿಂದ ಹಿರಿಯ ಕಲಾವಿದರಿಗೆ ತಮ್ಮದೇ ಹೆಜ್ಜೆ ಮರೆತುಹೋಗಿದೆ, ಆದರೆ ತಂತ್ರಜ್ಞಾನ ಮರೆಯುವುದಿಲ್ಲ, ನಮ್ಮ ಮಕ್ಕಳು ಅದನ್ನು ಸರಿಯಾಗಿಯೇ ಮಾಡುತ್ತಿದ್ದಾರೆ ಎಂದು ಘೋಷಿಸಿದ. ಮತ್ತೆ ಜೋರಾಗಿ ಚಪ್ಪಾಳೆ ಬಂತು. ದೂಮಪ್ಪನ ಕಿವಿಗೆ ಇದೆಲ್ಲ ಬಿತ್ತು. ಎದ್ದು ಹಾರಿಬಿಡೋಣ ಎಂದು ಕಾಲು ಒಮ್ಮೆ ಕೇಳಿತು. ಅವನು ಕಾಲಿನ ಮಾತು ಕೇಳಲಿಲ್ಲ. ಬಲಕ್ಕೆ ನೋಡಿದ. ತಲೆ ತಗ್ಗಿಸಿದ. ತಾಸೆ ಮೂರು ಸುತ್ತು ಬಡಿಯಿತು, ಮೂರು ಸುತ್ತೂ ಅವನು ನೀರು ಕುಡಿಯುವ ಹುಲಿಯಾಗಿಯೇ ಇದ್ದ.

ಎಲ್ಲ ಮುಗಿದ ಮೇಲೆ ಕ್ಯಾಮೆರಾ ಕೊಟ್ಟ ಅಂಕಗಳು ದೊಡ್ಡ ಪರದೆಯಲ್ಲಿ ಬಂದವು. ಮಕ್ಕಳೆಲ್ಲ ಎಂಬತ್ತರ ಮೇಲೆ. ಅರುವತ್ತೊಂದನೆಯವರಾದ ಶ್ರೀ ಕಾಪು ದೂಮಪ್ಪನವರಿಗೆ ಮೂವತ್ತನಾಲ್ಕು. ತಿಲಕ್ ಸರ್ ಅವನ ಹೆಗಲು ತಟ್ಟಲು ಕೈ ಎತ್ತಿ, ಬಣ್ಣ ನೋಡಿ ಕೈ ಇಳಿಸಿ, ಪರವಾಗಿಲ್ಲ, ನಿಮ್ಮ ಕಲೆ ಉಳಿಯಿತಲ್ಲ ಎಂದರು. ಹರಿಣಾಕ್ಷಿ ನೀರಿನ ಬಾಟಲಿ ಕೊಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಕಾರಣ ಧೂಳು ಎಂದಳು.

ದೂಮಪ್ಪ ಶಾಮಿಯಾನದ ಅಂಚಿಗೆ ಹೋಗಿ ಮುದ್ದಣ್ಣನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ನವ್ಯಶ್ರೀ ಅಜ್ಜನ ಬೆನ್ನ ಹಿಂದೆ ನಿಂತು ಪರದೆಯಲ್ಲಿದ್ದ ಹೆಸರನ್ನೂ ಹುಲಿಯ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು. ಮುದ್ದಣ್ಣ ಮೈದಾನದ ಕಡೆಗೇ ಮುಖ ಮಾಡಿದ್ದರು.

"ಬಲಕ್ಕೆ ನೋಡುವಾಗ ಸ್ವಲ್ಪ ಅವಸರ ಮಾಡಿದೆ," ಎಂದರು.

"ಹೌದು."

"ಉಳಿದದ್ದು ಸರಿ ಇತ್ತು."

ದೂಮಪ್ಪ ಬಾಟಲಿಯಲ್ಲಿ ಉಳಿದ ನೀರನ್ನು ಕುಡಿದ. ಅಷ್ಟರಲ್ಲಿ ಸೌಮ್ಯಶ್ರೀ ಬಂದು ಅವರೆದುರು ಕುಕ್ಕರಿಸಿ ಕೂತಳು. ಎಲ್ಲರೂ ಮಕ್ಕಳನ್ನು ನೋಡುವಾಗ ತಾನು ಮುಂದಿನ ಹುಲಿಯನ್ನೇ ನೋಡಿದೆ, ಇದನ್ನು ಹೊಸದಾಗಿ ದಾಖಲಿಸಬೇಕು, ಅಜ್ಜ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರೆ ಸಾಕು ಎಂದಳು. ಮುದ್ದಣ್ಣ ಅವಳನ್ನು ನೋಡಿದರು, ದೂಮಪ್ಪನನ್ನು ನೋಡಿದರು. ಆ ಬಲಗಡೆ ಸರಿಯಾಗದೆ ಯಾವ ಮೆಷಿನಿಗೂ ಕೊಡುವುದಿಲ್ಲ, ಇನ್ನೊಂದು ತಿಂಗಳು ಬೇಕು ಎಂದರು. ಆಮೇಲೆ ದೂಮಪ್ಪನ ಕಡೆ ತಿರುಗಿ, ಬುಧವಾರ ಬಾ ಎಂದರು.

ಬುಧವಾರ ದೂಮಪ್ಪ ಏಳೂವರೆಗೇ ಬಸ್ ನಿಲ್ದಾಣದಲ್ಲಿದ್ದ. ಮೂರು ದಿನ ತೆಂಗಿನೆಣ್ಣೆ, ಸೀಮೆಎಣ್ಣೆ, ಸಾಬೂನು ಎಲ್ಲ ಹಾಕಿ ತಿಕ್ಕಿದ್ದರೂ ಕುತ್ತಿಗೆಯಲ್ಲಿ, ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಹಳದಿ ಉಳಿದಿತ್ತು. ಪಡುಬಿದ್ರಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು ಅದನ್ನು ನೋಡಿದಳು, ಅವನ ನರೆತ ತಲೆಯನ್ನು ನೋಡಿದಳು, ನಂದಿಕೂರಿನವರೆಗೆ ತಡೆದುಕೊಂಡಳು, ಕಡೆಗೆ ಕೇಳಿಯೇಬಿಟ್ಟಳು: ಎಂತ, ಮದುವೆ ಉಂಟಾ?

"ಇಲ್ಲ," ಎಂದ ದೂಮಪ್ಪ, "ಕ್ಲಾಸು ಉಂಟು."